ಜ್ವರ ಬಿಟ್ಟ ಮೇಲೆ ಮಂಜಾಗುವ ಕಣ್ಣು: ಸ್ಟೀರಾಯ್ಡ್ ಬೇಕೋ, ಬೇಡವೋ?

ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ, ಡೆಂಗಿ ಮತ್ತು ಚಿಕೂನ್‌ಗುನ್ಯ ಪ್ರಕರಣಗಳ ಸುದ್ದಿಯ ನಡುವೆ ಇನ್ನೊಂದು ಬಗೆಯ ಸುದ್ದಿಯೂ ನುಸುಳುತ್ತದೆ. ಜ್ವರ ವಾಸಿಯಾಗಿ ಕೆಲಸಕ್ಕೆ ಹೋಗತೊಡಗಿದವರಿಗೆ ಎರಡು ಮೂರು ವಾರದ ಮೇಲೆ ಒಂದು ಕಣ್ಣು, ಕೆಲವರಿಗೆ ಎರಡೂ ಕಣ್ಣು ಇದ್ದಕ್ಕಿದ್ದಂತೆ ಮಂಜಾಗುತ್ತದೆ. ಎದುರಿಗೆ ನಿಂತವರ ಕಿವಿ, ಕೂದಲು ಕಾಣುತ್ತದೆ, ಮುಖ ಕಾಣುವುದಿಲ್ಲ. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದೂ ಇಲ್ಲ.

ಗಾಬರಿಬಿದ್ದು ಇಬ್ಬರು ಮೂವರು ವೈದ್ಯರನ್ನು ಕಂಡವರಿಗೆ ಗೊಂದಲ ಇನ್ನೂ ಹೆಚ್ಚುತ್ತದೆ. ಒಬ್ಬರು ಇವತ್ತೇ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಶುರುವಾಗಲಿ ಎನ್ನುತ್ತಾರೆ. ಇನ್ನೊಬ್ಬರು ಸ್ಟೀರಾಯ್ಡ್ ಬೇಡ, ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೊಟಿಕ್ ಸಾಕು ಎನ್ನುತ್ತಾರೆ. ಮೂರನೆಯವರು ಏನೂ ಕೊಡದೆ ವಾರ ಬಿಟ್ಟು ಬನ್ನಿ ಎನ್ನುತ್ತಾರೆ. ಮೂರು ಮಾತಿಗೂ ಆಧಾರವಿದೆ. ಆದರೆ ದೃಷ್ಟಿ ಉಳಿಯುವುದು, ಹೋಗುವುದು ಹೆಚ್ಚಾಗಿ ನಿರ್ಧಾರವಾಗುವುದು ಈ ಮೂರರ ನಡುವಿನ ಆಯ್ಕೆಯಿಂದಲ್ಲ. ಅದಕ್ಕೂ ಮೊದಲಿನ ಒಂದು ಹೆಜ್ಜೆಯಿಂದ: ಇದು ನಿಜವಾಗಿಯೂ ಜ್ವರದ ನಂತರದ ರೆಟಿನೈಟಿಸ್ಸೇ (ಕಣ್ಣಿನ ಹಿಂಬದಿಯ ನರಪದರದ ಉರಿಯೂತ), ಅಥವಾ ಹಾಗೆ ಕಾಣುವ ಬೇರೆ ರೋಗವೇ ಎಂದು ತಿಳಿಯುವುದರಿಂದ.

ಎರಡು ಪದರ, ಒಂದು ಗೋಡೆ

ಕಣ್ಣಿನ ಹಿಂಬದಿಯ ಒಳಗೋಡೆಗೆ ಅಂಟಿಕೊಂಡಿರುವ ನರಪದರವೇ ರೆಟಿನಾ, ಅಂದರೆ ಅಕ್ಷಿಪಟಲ. ದಪ್ಪ ಸುಮಾರು ಕಾಲು ಮಿಲಿಮೀಟರ್. ಅದರ ನಟ್ಟನಡುವಿನ ಮ್ಯಾಕ್ಯುಲಾ ಎಂಬ ಪುಟ್ಟ ಜಾಗದಿಂದಲೇ ನಾವು ಅಕ್ಷರ ಓದುವುದು, ಮುಖ ಗುರುತಿಸುವುದು. ರೆಟಿನಾದ ಹಿಂದೆ ರಕ್ತನಾಳಗಳೇ ತುಂಬಿಕೊಂಡಿರುವ ಕೋರಾಯ್ಡ್ ಪದರವಿದೆ. ರೆಟಿನಾದ ಹೊರ ಪದರಗಳಿಗೆ ಆಹಾರ, ಆಮ್ಲಜನಕ ಬರುವುದು ಇಲ್ಲಿಂದ.

ಎರಡರ ನಡುವೆ ಬಣ್ಣದ ಕೋಶಗಳ ಒಂದೇ ಸಾಲಿನ ತೆಳು ಗೋಡೆಯಿದೆ. ಕೋರಾಯ್ಡಿನ ರಕ್ತದಲ್ಲಿರುವುದೆಲ್ಲ ರೆಟಿನಾಕ್ಕೆ ಸೋರದಂತೆ ಅದು ತಡೆಯುತ್ತದೆ. ರೆಟಿನಾದ ಸ್ವಂತ ರಕ್ತನಾಳಗಳ ಒಳಪದರವೂ ಅಷ್ಟೇ ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ. ಉರಿಯೂತ ಶುರುವಾದರೆ ಮೊದಲು ಕೆಡುವುದು ಈ ಎರಡು ತಡೆಗಳು. ನಾಳ ಸೋರಿದರೆ ರೆಟಿನಾ ಊದಿಕೊಳ್ಳುತ್ತದೆ, ಗೋಡೆ ಸೋರಿದರೆ ರೆಟಿನಾದ ಅಡಿಯಲ್ಲಿ ನೀರು ನಿಲ್ಲುತ್ತದೆ. ದೃಷ್ಟಿ ಮಂಜಾಗಲು ಬಹಳಷ್ಟು ಸಲ ಕಾರಣ ಈ ನೀರೇ. ಹಾಗಾಗಿಯೇ ಬೆರಳೆಣಿಸುವಷ್ಟು ಮಾತ್ರ ದೃಷ್ಟಿಯಿದ್ದ ಕಣ್ಣೂ ನೀರು ಇಂಗಿದ ಮೇಲೆ ಮತ್ತೆ ಓದಬಲ್ಲದು. ನರಕೋಶಗಳೇ ಸತ್ತಿದ್ದರೆ ಆ ಭಾಗ ಮರಳುವುದಿಲ್ಲ.

ಉರಿಯೂತ ಯಾವ ಪದರದಲ್ಲಿ ಹುಟ್ಟಿತು ಎಂಬುದರಿಂದ ಕಾರಣದ ಸುಳಿವೂ ಸಿಗುತ್ತದೆ. ಕ್ಷಯ ಸಾಮಾನ್ಯವಾಗಿ ಕೋರಾಯ್ಡಿನಲ್ಲಿ ನೆಲೆಯೂರುತ್ತದೆ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿಯ ಸೋಂಕು ರೆಟಿನಾದಲ್ಲಿ ಶುರುವಾಗಿ ಕೋರಾಯ್ಡಿಗೆ ಇಳಿಯುತ್ತದೆ. ಜ್ವರದ ನಂತರದ ರೆಟಿನೈಟಿಸ್ ಬಹುಮಟ್ಟಿಗೆ ರೆಟಿನಾದ ಒಳಪದರಗಳಲ್ಲೇ, ರಕ್ತನಾಳಗಳ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತದೆ.

ಜ್ವರ ಇಳಿದ ಮೇಲೆ ಏಕೆ?

ಈ ರೋಗಕ್ಕೂ ಕರ್ನಾಟಕಕ್ಕೂ ಹತ್ತಿರದ ನಂಟಿದೆ. ಮೂರು ದಶಕಗಳ ಬಿಡುವಿನ ನಂತರ 2005ರ ಕೊನೆಯಲ್ಲಿ ಚಿಕೂನ್‌ಗುನ್ಯ ಭಾರತಕ್ಕೆ ಮರಳಿತು. 2006ರಲ್ಲಿ ದೇಶದಲ್ಲಿ ದಾಖಲಾದ 13 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ರಾಜ್ಯದವು. ಜ್ವರದ ಅಲೆ ಇಳಿಯುತ್ತಿದ್ದಂತೆ ಕಣ್ಣಿನ ತೊಂದರೆಯವರು ಬಂದರು. ಮುಂದಿನ ವರ್ಷಗಳಲ್ಲಿ ಬೆಂಗಳೂರು ಮತ್ತು ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗಳಿಂದ ಒಂದರ ಹಿಂದೊಂದು ವೈದ್ಯಕೀಯ ವರದಿ ಪ್ರಕಟವಾದವು. ಬೆಂಗಳೂರಿನ ನಾರಾಯಣ ನೇತ್ರಾಲಯದ ತಂಡ ಇದನ್ನು ಎಪಿಡೆಮಿಕ್ ರೆಟಿನೈಟಿಸ್ ಎಂದು ಕರೆಯಿತು. ಬೇರೆ ಕಡೆ ಪೋಸ್ಟ್ ಫೀವರ್ ರೆಟಿನೈಟಿಸ್ ಎಂಬ ಹೆಸರೇ ಬಳಕೆಯಲ್ಲಿದೆ.

ಸಾಮಾನ್ಯ ಚಿತ್ರ ಹೀಗಿರುತ್ತದೆ. ಜ್ವರ ಬಂದ ಎರಡರಿಂದ ನಾಲ್ಕು ವಾರಗಳಲ್ಲಿ ದೃಷ್ಟಿ ಕುಗ್ಗುತ್ತದೆ. ರೆಟಿನಾದ ಹಿಂಬದಿಯಲ್ಲಿ, ದೊಡ್ಡ ರಕ್ತನಾಳಗಳ ಬದಿಯಲ್ಲಿ, ಬಿಳಿಯ ಮಚ್ಚೆಗಳು ಕಾಣುತ್ತವೆ. ಅಲ್ಲಲ್ಲಿ ರಕ್ತದ ಚುಕ್ಕೆಗಳಿರುತ್ತವೆ. ಮ್ಯಾಕ್ಯುಲಾದ ಅಡಿಯಲ್ಲಿ ನೀರು ನಿಂತಿರುತ್ತದೆ, ಕೆಲವು ದಿನಗಳ ನಂತರ ಅದರ ಸುತ್ತ ಹಳದಿ ಕೊಬ್ಬಿನಂಶ ನಕ್ಷತ್ರದಾಕಾರದಲ್ಲಿ ಕೂರುತ್ತದೆ. ಕಣ್ಣಿನ ನರದ ತುದಿಯೂ ಊದಿಕೊಂಡಿರಬಹುದು. ಇಷ್ಟೆಲ್ಲ ಆಗಿದ್ದರೂ ಕಣ್ಣಿನ ಮಧ್ಯದ ಲೋಳೆಯಲ್ಲಿ, ಅಂದರೆ ವಿಟ್ರಿಯಸ್‌ನಲ್ಲಿ, ಉರಿಯೂತದ ಕೋಶಗಳು ಅಷ್ಟಾಗಿ ಇರುವುದಿಲ್ಲ. ಈ ಕೊನೆಯ ಅಂಶವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಡವಾಗಿ ಬರುವುದೇಕೆ ಎಂಬುದಕ್ಕೆ ಎರಡು ವಿವರಣೆಗಳಿವೆ. ಒಂದರ ಪ್ರಕಾರ ರೋಗಾಣು ಆಗಲೇ ಹೋಗಿದೆ. ಅದನ್ನು ಎದುರಿಸಲು ದೇಹ ತಯಾರಿಸಿದ ಪ್ರತಿಕಾಯಗಳೂ ರೋಗನಿರೋಧಕ ಕೋಶಗಳೂ ರೆಟಿನಾದ ಸಣ್ಣ ನಾಳಗಳಿಗೆ ಪೆಟ್ಟು ಕೊಡುತ್ತಿವೆ. ಪ್ರತಿಕಾಯಗಳ ಮಟ್ಟ ಏರಲು ಹಿಡಿಯುವ ಸಮಯಕ್ಕೂ ಕಣ್ಣು ಮಂಜಾಗುವ ಸಮಯಕ್ಕೂ ತಾಳೆಯಾಗುತ್ತದೆ. ಇನ್ನೊಂದರ ಪ್ರಕಾರ ರೋಗಾಣು ನಾಳಗಳ ಒಳಪದರದಲ್ಲೇ ಉಳಿದಿದೆ. ಉಣ್ಣೆ, ಚಿಗಟ, ನುಸಿಗಳಿಂದ ಹರಡುವ ರಿಕೆಟ್ಸಿಯಾ ಗುಂಪಿನ ಬ್ಯಾಕ್ಟೀರಿಯಾಗಳ ಸ್ವಭಾವವೇ ಅದು, ಅವು ನೇರವಾಗಿ ದಾಳಿ ಮಾಡುವುದು ರಕ್ತನಾಳದ ಒಳಪದರದ ಮೇಲೆ. ಮೊದಲನೆಯದು ನಿಜವಾದರೆ ಸ್ಟೀರಾಯ್ಡ್ ತರ್ಕಬದ್ಧ, ಎರಡನೆಯದು ನಿಜವಾದರೆ ಆ್ಯಂಟಿಬಯೊಟಿಕ್ ತರ್ಕಬದ್ಧ. ಚಿಕಿತ್ಸೆಯ ಜಗಳ ಹುಟ್ಟುವುದು ಇಲ್ಲಿ.

ಡೆಂಗಿಯ ನಡೆ ಸ್ವಲ್ಪ ಬೇರೆ. ಅದರ ಮ್ಯಾಕ್ಯುಲಾ ತೊಂದರೆ ಹೆಚ್ಚಾಗಿ ಜ್ವರ ಶುರುವಾದ ಒಂದು ವಾರದ ಆಸುಪಾಸಿನಲ್ಲಿ, ಪ್ಲೇಟ್ಲೆಟ್ ಎಣಿಕೆ ತಳ ಮುಟ್ಟುವ ದಿನಗಳಲ್ಲೇ ಬರುತ್ತದೆ. ವೈರಸ್ಸಿನ ತಳಿಯ ಮೇಲೂ ಅದು ನಿಂತಿರುವಂತಿದೆ. ಸಿಂಗಪುರದಲ್ಲಿ 2005ರಲ್ಲಿ ಒಂದನೇ ತಳಿಯ ಡೆಂಗಿ ಹರಡಿದಾಗ ಇಂಥ ಕಣ್ಣುಗಳು ಗಣನೀಯ ಪ್ರಮಾಣದಲ್ಲಿ ಕಂಡವು, 2007ರಲ್ಲಿ ಎರಡನೇ ತಳಿ ಹರಡಿದಾಗ ಕಾಣಲಿಲ್ಲ. ಈ ವರ್ಷ ಡೆಂಗಿ ಜಾಸ್ತಿ, ಆದ್ದರಿಂದ ಕಣ್ಣಿನ ತೊಂದರೆಯೂ ಜಾಸ್ತಿಯಾಗಲೇಬೇಕು ಎಂಬ ಲೆಕ್ಕ ಹಾಗಾಗಿ ಸರಿಬರುವುದಿಲ್ಲ.

ಯಾವ ಜ್ವರ ಎಂಬುದು ತಿಳಿಯುವುದು ಕಷ್ಟ

ರಕ್ತ ಪರೀಕ್ಷೆ ಮಾಡಿಸಿದರೆ ಯಾವ ಜ್ವರವಿತ್ತೆಂದು ಗೊತ್ತಾಗಬಾರದೇ ಎಂಬ ಪ್ರಶ್ನೆ ಸಹಜ. ತೊಂದರೆಯೆಂದರೆ, ಕಣ್ಣಿನವರ ಬಳಿ ರೋಗಿ ಬರುವಾಗ ವಾರಗಳು ಕಳೆದಿರುತ್ತವೆ. ಡೆಂಗಿಯ ಎನ್ಎಸ್1 ಪರೀಕ್ಷೆ ಉಪಯೋಗಕ್ಕೆ ಬರುವುದು ಜ್ವರದ ಮೊದಲ ಕೆಲವು ದಿನ ಮಾತ್ರ. ಐಜಿಎಂ ಪ್ರತಿಕಾಯ ತಿಂಗಳುಗಟ್ಟಲೆ ರಕ್ತದಲ್ಲಿ ಉಳಿಯಬಹುದು. ಅದು ಪಾಸಿಟಿವ್ ಬಂದರೆ ಇತ್ತೀಚೆಗೆ ಸೋಂಕು ಆಗಿತ್ತು ಎನ್ನಬಹುದೇ ಹೊರತು ಈ ಕಣ್ಣಿಗೆ ಅದೇ ಕಾರಣ ಎನ್ನಲಾಗದು. ಎರಡು ಮೂರು ಜ್ವರಗಳ ಪರೀಕ್ಷೆ ಒಟ್ಟಿಗೇ ಪಾಸಿಟಿವ್ ಬರುವುದೂ ಅಪರೂಪವಲ್ಲ.

ರಿಕೆಟ್ಸಿಯಾಕ್ಕೆ ಜಿಲ್ಲಾ ಮಟ್ಟದಲ್ಲೂ ಸಿಗುವುದು ವೈಲ್–ಫೆಲಿಕ್ಸ್ ಪರೀಕ್ಷೆ. ಅದು 1916ರಷ್ಟು ಹಳೆಯದು, ಅಗ್ಗದ್ದು. ಆದರೆ ಅದು ರಿಕೆಟ್ಸಿಯಾವನ್ನು ನೇರವಾಗಿ ಹುಡುಕುವುದಿಲ್ಲ. ಪ್ರೋಟಿಯಸ್ ಎಂಬ ಬೇರೊಂದು ಬ್ಯಾಕ್ಟೀರಿಯಾವನ್ನು ರೋಗಿಯ ರಕ್ತದ್ರವ ಗಂಟುಕಟ್ಟಿಸುತ್ತದೆಯೇ ಎಂದು ನೋಡಿ ಊಹಿಸುತ್ತದೆ. ಓಎಕ್ಸ್ ಕೆ ಎಂಬ ಪ್ರೋಟಿಯಸ್ ತಳಿಗೆ ಪಾಸಿಟಿವ್ ಆದರೆ ನುಸಿಯಿಂದ ಹರಡುವ ಸ್ಕ್ರಬ್ ಟೈಫಸ್ ಕಡೆಗೆ, ಓಎಕ್ಸ್ 19 ಮತ್ತು ಓಎಕ್ಸ್ 2 ಪಾಸಿಟಿವ್ ಆದರೆ ಉಣ್ಣೆ ಜ್ವರದ ಗುಂಪು ಅಥವಾ ಚಿಗಟದ ಟೈಫಸ್ ಕಡೆಗೆ ಬೊಟ್ಟು ಮಾಡುತ್ತದೆ. ನಿಜವಾದ ರೋಗವಿದ್ದೂ ನೆಗೆಟಿವ್ ಬರಬಹುದು, ಮೂತ್ರದ ಸೋಂಕಿನಲ್ಲಿ ಪ್ರೋಟಿಯಸ್ಸೇ ಇದ್ದರೆ ಸುಳ್ಳು ಪಾಸಿಟಿವ್ ಬರಬಹುದು. ಒಂದೇ ಬಾರಿಯ ಟೈಟರಿಗಿಂತ (ಪ್ರತಿಕಾಯದ ಮಟ್ಟ), ಎರಡು ವಾರದ ಅಂತರದಲ್ಲಿ ಎರಡು ಸಲ ಮಾಡಿಸಿದಾಗ ನಾಲ್ಕು ಪಟ್ಟು ಏರಿದೆಯೇ ಎಂಬುದಕ್ಕೆ ಬೆಲೆ ಹೆಚ್ಚು. ಸಿಗುವ ಕಡೆ, ರಿಕೆಟ್ಸಿಯಾದ ಪ್ರತಿಕಾಯವನ್ನೇ ಹುಡುಕುವ ಎಲಿಸಾ ಪರೀಕ್ಷೆ ಮಾಡಿಸುವುದು ಮೇಲು.

ಕಣ್ಣಿನ ಮುಂಭಾಗದ ದ್ರವವನ್ನು ಸೂಜಿಯಿಂದ 0.1 ಮಿಲಿಲೀಟರಿನಷ್ಟು ತೆಗೆದು, ರೋಗಾಣುವಿನ ಆನುವಂಶಿಕ ವಸ್ತುವನ್ನು ಹುಡುಕುವ ಪಿಸಿಆರ್‌ಗೆ ಕಳಿಸಬಹುದು. ಜ್ವರದ ನಂತರದ ರೆಟಿನೈಟಿಸ್‌ನಲ್ಲಿ ಅದು ಹೆಚ್ಚಾಗಿ ನೆಗೆಟಿವ್ ಬರುತ್ತದೆ. ಹಾಗಾದರೆ ಏಕೆ ಮಾಡಬೇಕು? ಜ್ವರದ ರೋಗಾಣುವನ್ನು ಹಿಡಿಯುವುದಕ್ಕಿಂತ ಮುಖ್ಯವಾಗಿ, ಹರ್ಪಿಸ್ ವೈರಸ್ ಮತ್ತು ಟಾಕ್ಸೊಪ್ಲಾಸ್ಮಾ ಇಲ್ಲವೆಂದು ಖಚಿತಪಡಿಸಿಕೊಳ್ಳುವುದಕ್ಕೆ. ಎಲ್ಲರಿಗೂ ಬೇಕಿಲ್ಲ, ಅನುಮಾನವಿದ್ದಾಗ ಬೇಕು.

ಮೂರು ಪಕ್ಷಗಳ ವಾದ

ಸ್ಟೀರಾಯ್ಡ್ ಪರವಾದವರು ಹೇಳುವುದು ಇಷ್ಟು: ನೀರು ನಿಂತಷ್ಟು ದಿನ ಮ್ಯಾಕ್ಯುಲಾದ ಕೋಶಗಳಿಗೆ ಹಾನಿ, ಉರಿಯೂತ ಬೇಗ ಇಳಿದರೆ ನೀರು ಬೇಗ ಇಂಗುತ್ತದೆ. ಇವರು ಸಾಮಾನ್ಯವಾಗಿ ಪ್ರೆಡ್ನಿಸೊಲೋನ್ ಅನ್ನು ದೇಹದ ತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಂ ಲೆಕ್ಕದಲ್ಲಿ ಶುರುಮಾಡಿ ನಾಲ್ಕರಿಂದ ಆರು ವಾರಗಳಲ್ಲಿ ಇಳಿಸುತ್ತಾರೆ. ಕಣ್ಣಿನ ನರ ತೀವ್ರವಾಗಿ ಊದಿದ್ದರೆ ಮೂರು ದಿನ ದಿನಕ್ಕೆ 1 ಗ್ರಾಂ ಮೀಥೈಲ್‌ಪ್ರೆಡ್ನಿಸೊಲೋನ್ ಅನ್ನು ರಕ್ತನಾಳಕ್ಕೆ ಕೊಡುವುದುಂಟು.

ಡಾಕ್ಸಿಸೈಕ್ಲಿನ್ ಪರವಾದವರು 100 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆರಡು ಬಾರಿ, ಎರಡರಿಂದ ನಾಲ್ಕು ವಾರ ಕೊಡುತ್ತಾರೆ. ಕಾರಣ ಜ್ವರ ರಿಕೆಟ್ಸಿಯಾದ್ದೇ ಆಗಿದ್ದರೆ ಬರಿಯ ಸ್ಟೀರಾಯ್ಡ್ ಕೊಟ್ಟಲ್ಲಿ ರೋಗಾಣುವಿಗೆ ದಾರಿ ಮಾಡಿಕೊಟ್ಟಂತೆ ಎಂಬುದು ಅವರ ಆತಂಕ. ಡಾಕ್ಸಿಸೈಕ್ಲಿನ್ ಅಗ್ಗ, ಅಪಾಯ ಕಡಿಮೆ. ಇಲ್ಲಿ ಒಂದು ಸೂಕ್ಷ್ಮವಿದೆ: ಈ ಔಷಧಕ್ಕೆ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವುದರ ಜೊತೆಗೆ ಉರಿಯೂತ ತಗ್ಗಿಸುವ ಗುಣವೂ ಸ್ವಲ್ಪಮಟ್ಟಿಗೆ ಇದೆ. ಅದನ್ನು ತೆಗೆದುಕೊಂಡು ಕಣ್ಣು ಸುಧಾರಿಸಿತು ಎಂದಮಾತ್ರಕ್ಕೆ ಜ್ವರ ರಿಕೆಟ್ಸಿಯಾದ್ದೇ ಎಂದು ಸಾಬೀತಾಗುವುದಿಲ್ಲ.

ಕಾದು ನೋಡುವವರ ಆಧಾರ ರೋಗದ ಸ್ವಭಾವವೇ. ಬಹುಪಾಲು ಕಣ್ಣುಗಳಲ್ಲಿ ಮಚ್ಚೆಗಳು ಎರಡು ಮೂರು ತಿಂಗಳಲ್ಲಿ ತಾವಾಗಿಯೇ ಕರಗುತ್ತವೆ. ಮಚ್ಚೆ ಮ್ಯಾಕ್ಯುಲಾದಿಂದ ದೂರವಿದ್ದು ದೃಷ್ಟಿ ಚೆನ್ನಾಗಿದ್ದರೆ ವಾರವಾರಕ್ಕೆ ಸ್ಕ್ಯಾನ್ ಮಾಡಿ ನೋಡಿದರೆ ಸಾಕು ಎನ್ನುತ್ತಾರೆ ಅವರು. ನಾಲ್ಕನೆಯ ಸಣ್ಣ ಗುಂಪೊಂದು, ನೀರು ತುಂಬಾ ಇದ್ದಾಗ ಕಣ್ಣಿನೊಳಗೆ ನಾಳಗಳ ಸೋರಿಕೆ ತಗ್ಗಿಸುವ ಬೆವಾಸಿಜುಮ್ಯಾಬ್‌ನಂಥ ಚುಚ್ಚುಮದ್ದನ್ನು ಬಳಸುತ್ತದೆ. ಇಡೀ ದೇಹಕ್ಕೆ ಸ್ಟೀರಾಯ್ಡ್ ಕೊಡುವುದು ತಪ್ಪುತ್ತದೆ ಎಂಬುದು ಅದರ ಲಾಭ. ಚುಚ್ಚಿದ ಕಣ್ಣಿಗೆ ಸೋಂಕು ತಗಲುವ ಸಣ್ಣ ಅಪಾಯ ಅದರ ಬೆಲೆ.

ಇಷ್ಟು ವರ್ಷವಾದರೂ ಜಗಳ ತೀರಿಲ್ಲವೇಕೆ? ತಾನಾಗಿಯೇ ವಾಸಿಯಾಗುವ ರೋಗಕ್ಕೆ ಏನು ಕೊಟ್ಟರೂ ಕೊಟ್ಟದ್ದೇ ಗುಣಮಾಡಿದಂತೆ ತೋರುತ್ತದೆ. ಇರುವ ಮಾಹಿತಿಯ ಬಹುಭಾಗ ಆಸ್ಪತ್ರೆಗಳ ಹಳೆಯ ಕಡತಗಳನ್ನು ತಿರುವಿ ಬರೆದದ್ದು. ಅಲ್ಲಿ ಸ್ಟೀರಾಯ್ಡ್ ಸಿಕ್ಕಿದ್ದು ಹೆಚ್ಚು ಕೆಟ್ಟ ಕಣ್ಣುಗಳಿಗೆ, ಕಾದು ನೋಡಿದ್ದು ಹಗುರ ಕಣ್ಣುಗಳನ್ನು. ಎರಡನ್ನೂ ಪಕ್ಕಪಕ್ಕ ಇಟ್ಟು ಯಾವುದು ಮೇಲೆಂದು ತೀರ್ಮಾನಿಸಿದರೆ ಹೋಲಿಕೆ ಮೊದಲೇ ವಾಲಿರುತ್ತದೆ. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ಹಂಚುವ ಅಧ್ಯಯನ ನಡೆಸಬೇಕೆಂದರೆ, ಮಳೆಗಾಲದ ಕೆಲವೇ ವಾರಗಳಲ್ಲಿ ಹಲವು ಊರುಗಳ ಆಸ್ಪತ್ರೆಗಳು ಒಂದೇ ಕ್ರಮದಲ್ಲಿ ಕೆಲಸ ಮಾಡಬೇಕಾಗುತ್ತದೆ.

ಇಲ್ಲಿಯವರೆಗಿನ ವಾದದಲ್ಲಿ ಯಾವ ಪಕ್ಷ ಹಿಡಿದರೂ, ರೋಗ ಅದೇ ಆಗಿದ್ದಲ್ಲಿ, ಬಹುತೇಕ ಕಣ್ಣುಗಳು ಚೇತರಿಸಿಕೊಳ್ಳುತ್ತವೆ. ದೊಡ್ಡ ನಷ್ಟವಾಗುವುದು ರೋಗ ಅದಲ್ಲದೇ ಇದ್ದಾಗ.

ಅದೇ ಮಂಜು, ಬೇರೆ ರೋಗ

ಮಳೆಗಾಲದಲ್ಲಿ ಯಾರಿಗೆ ತಾನೇ ಜ್ವರ ಬಂದಿರುವುದಿಲ್ಲ? ತಿಂಗಳ ಹಿಂದೆ ಜ್ವರ ಬಂದಿತ್ತು ಎಂಬ ಒಂದೇ ಕಾರಣಕ್ಕೆ ಕಣ್ಣಿನ ತೊಂದರೆಯನ್ನೂ ಅದರ ತಲೆಗೆ ಕಟ್ಟಿದರೆ ಕೆಳಗಿನವು ತಪ್ಪಿಹೋಗುತ್ತವೆ.

ಎಲ್ಲಕ್ಕಿಂತ ತುರ್ತಿನದು ಅಕ್ಯೂಟ್ ರೆಟಿನಲ್ ನೆಕ್ರೋಸಿಸ್. ಸರ್ಪಸುತ್ತಿನ ವೈರಸ್ ಅಥವಾ ಹರ್ಪಿಸ್ ಸಿಂಪ್ಲೆಕ್ಸ್‌ನಿಂದ ಬರುವ ಇದು ರೆಟಿನಾದ ಅಂಚಿನಲ್ಲಿ ಬಿಳಿ ಮಚ್ಚೆಗಳಾಗಿ ಶುರುವಾಗಿ, ದಿನಗಳಲ್ಲೇ ಸುತ್ತುವರಿದು ನಡುವಿಗೆ ಬರುತ್ತದೆ. ರೆಟಿನಾ ಸಾಯುತ್ತ, ತೂತುಬಿದ್ದು, ಕೊನೆಗೆ ಕಳಚಿಕೊಳ್ಳುತ್ತದೆ. ಇಲ್ಲಿ ಆ್ಯಂಟಿವೈರಲ್ ಔಷಧ ಅದೇ ದಿನ ಶುರುವಾಗಬೇಕು: ರಕ್ತನಾಳಕ್ಕೆ ಅಸೈಕ್ಲೊವಿರ್, ಪ್ರತಿ ಕಿಲೋಗೆ 10 ಮಿಲಿಗ್ರಾಂ, ಎಂಟು ಗಂಟೆಗೊಮ್ಮೆ, ಇಲ್ಲವೇ ಹೆಚ್ಚಿನ ಪ್ರಮಾಣದ ವಾಲಸೈಕ್ಲೊವಿರ್ ಮಾತ್ರೆ. ಪಿಸಿಆರ್ ವರದಿಗಾಗಿ ಕಾಯುವಂತಿಲ್ಲ. ಔಷಧ ಹೋಗಿ ಒಂದೆರಡು ದಿನವಾದ ಮೇಲೆ ಸ್ಟೀರಾಯ್ಡ್ ಸೇರಿಸಬಹುದು, ಒಂಟಿಯಾಗಿ ಕೊಟ್ಟರೆ ವೈರಸ್ಸಿಗೆ ತಡೆಯೇ ಇರುವುದಿಲ್ಲ. ಇದು ತಪ್ಪಿಹೋಗುವ ಬಗೆಯೂ ಸರಳ. ಪಾಪೆ ಹಿಗ್ಗಿಸುವ ಹನಿ ಹಾಕದೆ, ಮ್ಯಾಕ್ಯುಲಾದ ಓಸಿಟಿ ಸ್ಕ್ಯಾನ್ (ರೆಟಿನಾದ ಪದರಗಳನ್ನು ಬೆಳಕಿನಿಂದ ಸೆರೆಹಿಡಿಯುವ ಚಿತ್ರ) ಮಾತ್ರ ತೆಗೆದರೆ ಅಂಚಿನ ಮಚ್ಚೆ ಆ ಚಿತ್ರದೊಳಗೆ ಬರುವುದೇ ಇಲ್ಲ.

ಎರಡನೆಯದು ಟಾಕ್ಸೊಪ್ಲಾಸ್ಮಾ. ಸರಿಯಾಗಿ ಬೇಯದ ಮಾಂಸ, ಬೆಕ್ಕಿನ ಮಲ ಸೇರಿದ ಮಣ್ಣು ಅಥವಾ ನೀರಿನಿಂದ ಬರುವ ಪರಾವಲಂಬಿ ಜೀವಿ ಇದು. 2004–05ರ ಸುಮಾರಿಗೆ ಕೊಯಮತ್ತೂರಿನಲ್ಲಿ ಒಮ್ಮೆಗೇ ಬಹಳ ಜನರಿಗೆ ಕಣ್ಣಿನ ಟಾಕ್ಸೊಪ್ಲಾಸ್ಮಾ ಬಂದಾಗ ಅನುಮಾನ ಬಿದ್ದದ್ದು ಕುಡಿಯುವ ನೀರಿನ ಮೇಲೆ. ಇಲ್ಲಿ ರೆಟಿನಾದಲ್ಲಿ ಹಳೆಯ ಕಪ್ಪು ಕಲೆಯ ಅಂಚಿಗೆ ಹೊಸ ಬಿಳಿ ಮಚ್ಚೆ ಹುಟ್ಟಿರುತ್ತದೆ. ವಿಟ್ರಿಯಸ್ ದಟ್ಟವಾಗಿ ಕಲಕಿರುತ್ತದೆ. ಮಂಜಿನೊಳಗಿಂದ ಕಾಣುವ ವಾಹನದ ಹೆಡ್‌ಲೈಟ್ ಎಂದೇ ವೈದ್ಯರು ಅದನ್ನು ವರ್ಣಿಸುವುದು. ಜ್ವರದ ನಂತರದ ರೆಟಿನೈಟಿಸ್‌ನಲ್ಲಿ ವಿಟ್ರಿಯಸ್ ಹೆಚ್ಚುಕಡಿಮೆ ತಿಳಿಯಾಗಿರುತ್ತದೆ ಎಂದು ಮೇಲೆ ಹೇಳಿದ್ದು ಇದಕ್ಕಾಗಿ. ಟಾಕ್ಸೊಪ್ಲಾಸ್ಮಾಕ್ಕೆ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕೋಟ್ರೈಮಾಕ್ಸಝೋಲ್, 160/800 ಮಿಲಿಗ್ರಾಂ ಮಾತ್ರೆ ದಿನಕ್ಕೆರಡು, ಸುಮಾರು ಆರು ವಾರ. ಸಲ್ಫಾ ಅಲರ್ಜಿ ಇದ್ದವರಿಗೆ ಇದು ಆಗದು. ಸ್ಟೀರಾಯ್ಡ್ ಬೇಕಾದರೂ ಈ ರೋಗಾಣುವಿನ ಔಷಧ ಶುರುವಾಗಿ ಒಂದೆರಡು ದಿನ ಕಳೆದ ಮೇಲೆಯೇ. ಕಣ್ಣಿನೊಳಗೆ ನೇರವಾಗಿ ಸ್ಟೀರಾಯ್ಡ್ ಚುಚ್ಚುವುದು ಇಲ್ಲಿ ಅತಿ ಅಪಾಯದ ಕೆಲಸ, ಏಕೆಂದರೆ ಅದರ ಪ್ರಭಾವ ವಾರಗಟ್ಟಲೆ ಉಳಿಯುತ್ತದೆ, ತೆಗೆದುಹಾಕುವ ದಾರಿ ಸುಲಭವಿಲ್ಲ.

ಕ್ಷಯದ ಲೆಕ್ಕ ಇನ್ನೂ ತೊಡಕಿನದು. ಕೆಮ್ಮು, ಜ್ವರ, ತೂಕ ಇಳಿಕೆ ಯಾವುದೂ ಇಲ್ಲದವರಲ್ಲೂ ಕೋರಾಯ್ಡಿನಲ್ಲಿ ಮಾತ್ರ ಕ್ಷಯದ ಉರಿಯೂತ ಇರಬಹುದು. ಹಳದಿ ಮಚ್ಚೆಗಳು ಒಂದು ಬದಿಯಲ್ಲಿ ವಾಸಿಯಾಗುತ್ತ ಇನ್ನೊಂದು ಬದಿಯಲ್ಲಿ ತೆವಳುತ್ತ ಹೋಗುವುದು ಇದರ ಒಂದು ಗುರುತು. ಆದರೆ ರಕ್ತ ಮತ್ತು ಚರ್ಮದ ಪರೀಕ್ಷೆಗಳಿಂದ ಖಚಿತ ಉತ್ತರ ಸಿಗದು. 2019–21ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 15 ವರ್ಷ ಮೇಲ್ಪಟ್ಟ ಭಾರತೀಯರಲ್ಲಿ ಶೇಕಡಾ 31ರಷ್ಟು ಮಂದಿಯಲ್ಲಿ ಕ್ಷಯದ ಸೋಂಕು ಇದೆ, ರೋಗವಿಲ್ಲ. ಹೀಗಿರುವಾಗ ಚರ್ಮದ ಮ್ಯಾಂಟೂ ಅಥವಾ ರಕ್ತದ ಇಗ್ರಾ ಪರೀಕ್ಷೆ ಪಾಸಿಟಿವ್ ಬಂದರೆ ಕಣ್ಣಿನ ರೋಗ ಕ್ಷಯದ್ದೇ ಎನ್ನುವುದು ಹೇಗೆ? ಮಚ್ಚೆಯ ರೂಪ, ಎದೆಯ ಸ್ಕ್ಯಾನ್, ಇಗ್ರಾ ಮೂರನ್ನೂ ಸೇರಿಸಿ ತೂಗಬೇಕು. ಕ್ಷಯದ ಔಷಧ ಶುರುವಾದ ಮೊದಲ ವಾರಗಳಲ್ಲಿ ಮಚ್ಚೆಗಳು ಹೆಚ್ಚಾಗುವುದೂ ಉಂಟು. ಸತ್ತ ಬ್ಯಾಕ್ಟೀರಿಯಾಗಳಿಗೆ ದೇಹ ತೋರುವ ಪ್ರತಿಕ್ರಿಯೆ ಅದು. ಔಷಧ ನಿಲ್ಲಿಸದೆ, ಜೊತೆಗೆ ಸ್ಟೀರಾಯ್ಡ್ ಕೊಟ್ಟು ದಾಟಿಸಬೇಕಾಗುತ್ತದೆ. ಆ ಔಷಧಗಳಲ್ಲಿರುವ ಇಥಾಂಬುಟಾಲ್ ಕಣ್ಣಿನ ನರಕ್ಕೇ ಹಾನಿ ಮಾಡಬಲ್ಲದಾದ್ದರಿಂದ ಬಣ್ಣದ ದೃಷ್ಟಿಯನ್ನು ಆಗಾಗ ಪರೀಕ್ಷಿಸಬೇಕು.

ಸಿಫಿಲಿಸ್ ಯಾವ ಕಣ್ಣಿನ ರೋಗದ ವೇಷವನ್ನಾದರೂ ಹಾಕಬಲ್ಲದು. ಅದನ್ನು ಹುಡುಕುವ ವಿಡಿಆರ್‌ಎಲ್, ಟಿಪಿಎಚ್‌ಎ ಮತ್ತು ಎಚ್‌ಐವಿ ಪರೀಕ್ಷೆ ಬರೆದರೆ ರೋಗಿಯ ನಡತೆಯ ಮೇಲಿನ ಅನುಮಾನವೆಂದು ಯಾರೂ ನೊಂದುಕೊಳ್ಳಬೇಕಿಲ್ಲ. ಕಾರಣ ಗೊತ್ತಿಲ್ಲದ ರೆಟಿನಾ ಉರಿಯೂತದಲ್ಲಿ ಅದು ಎಲ್ಲರಿಗೂ ಮಾಡುವ ಪರೀಕ್ಷೆ.

ಇಲ್ಲಿಯವರೆಗಿನ ರೋಗಗಳಲ್ಲಿ ಒಂಟಿ ಸ್ಟೀರಾಯ್ಡ್ ಹಾನಿಕರ. ತದ್ವಿರುದ್ಧದ ಉದಾಹರಣೆ ವಿಕೆಎಚ್ ಎಂದು ಕರೆಯುವ ಕಾಯಿಲೆ. ಇದರಲ್ಲಿ ದೇಹದ ರೋಗನಿರೋಧಕ ಶಕ್ತಿ ತನ್ನದೇ ಬಣ್ಣದ ಕೋಶಗಳ ಮೇಲೆ ತಿರುಗಿಬೀಳುತ್ತದೆ. ತಲೆನೋವು, ಕಿವಿಯಲ್ಲಿ ಗುಂಯ್‌ಗುಡುವ ಸದ್ದು, ಜ್ವರದಂಥ ಮೈಭಾರ, ಅದಾದ ಕೆಲವು ದಿನಕ್ಕೆ ಎರಡೂ ಕಣ್ಣಿನ ರೆಟಿನಾದ ಅಡಿಯಲ್ಲಿ ಅಲ್ಲಲ್ಲಿ ನೀರು. ಇದನ್ನು ಜ್ವರದ ನಂತರದ್ದೆಂದು ತಿಳಿದು ಕಾದು ನೋಡಿದರೆ ಕೋರಾಯ್ಡ್ ಬಣ್ಣ ಕಳೆದುಕೊಂಡು ರೋಗ ಬೇರೂರುತ್ತದೆ. ಇಲ್ಲಿ ಸ್ಟೀರಾಯ್ಡ್ ತಡವಾಗಬಾರದು, ಕಡಿಮೆಯಾಗಬಾರದು, ಆರು ತಿಂಗಳಿಗೂ ಮುಂಚೆ ನಿಲ್ಲಬಾರದು.

ಇನ್ನು ಸೆಂಟ್ರಲ್ ಸೀರಸ್ ಎಂಬ ತೊಂದರೆ ಉರಿಯೂತವೇ ಅಲ್ಲ. ಕೋರಾಯ್ಡ್ ದಪ್ಪಗಾಗಿ ಮ್ಯಾಕ್ಯುಲಾದ ಅಡಿಗೆ ನೀರು ಸೋರುತ್ತದೆ, ಬಿಳಿ ಮಚ್ಚೆ ಇರುವುದಿಲ್ಲ. ಸ್ಟೀರಾಯ್ಡ್ ಅದಕ್ಕೆ ಮದ್ದಲ್ಲ, ಅದರ ಕಾರಣಗಳಲ್ಲೊಂದು. ಚಿಕೂನ್‌ಗುನ್ಯದ ಕೀಲುನೋವಿಗೆಂದು ಅಂಗಡಿಯಿಂದ ಸ್ಟೀರಾಯ್ಡ್ ಮಾತ್ರೆ ನುಂಗಿದವರು, ಮಂಡಿಗೆ ಇಂಜೆಕ್ಷನ್ ಹಾಕಿಸಿಕೊಂಡವರು ಇದನ್ನು ಕಣ್ಣಿನ ವೈದ್ಯರಿಗೆ ಹೇಳಲೇಬೇಕು. ಕೇಳದಿದ್ದರೂ ಹೇಳಬೇಕು.

ಮೊದಲ ಭೇಟಿಯಲ್ಲಿ ಏನೇನು ಆಗಬೇಕು

ಪಾಪೆ ಹಿಗ್ಗಿಸಿ, ಎರಡೂ ಕಣ್ಣುಗಳ ಅಂಚಿನವರೆಗೆ ರೆಟಿನಾ ನೋಡಬೇಕು. ತೊಂದರೆ ಒಂದೇ ಕಣ್ಣಿನಲ್ಲಿದ್ದರೂ ಎರಡನ್ನೂ. ಹನಿಯ ಮಂಜು ನಾಲ್ಕಾರು ಗಂಟೆ ಇರುವುದರಿಂದ ಬೈಕ್ ಓಡಿಸಿಕೊಂಡು ಹೋಗಬಾರದು. ರೆಟಿನಾದ ಫೋಟೊ ಮತ್ತು ಓಸಿಟಿ ಸ್ಕ್ಯಾನ್ ಎರಡೂ ಬೇಕು, ಏಕೆಂದರೆ ಮುಂದಿನ ವಾರ ಹೋಲಿಸಲು ಅವೇ ಆಧಾರ. ಫೋಟೊದಲ್ಲಿ ಮಚ್ಚೆ ಎಷ್ಟಿದೆ, ಓಸಿಟಿಯಲ್ಲಿ ನೀರು ಎಷ್ಟಿದೆ ಎಂಬ ಎರಡು ಅಂಶಗಳ ಮೇಲೆ ಚಿಕಿತ್ಸೆ ಮುಂದುವರಿಯುತ್ತದೆ. ತೋಳಿನ ನಾಳಕ್ಕೆ ಬಣ್ಣ ಚುಚ್ಚಿ ತೆಗೆಯುವ ಆ್ಯಂಜಿಯೊಗ್ರಫಿ, ನಾಳ ಮುಚ್ಚಿಹೋಗಿದೆಯೇ ಎಂಬ ಅನುಮಾನವಿದ್ದಾಗ ಬೇಕಾಗುತ್ತದೆ.

ರೋಗಿ ಕೈಯಲ್ಲಿ ಹಿಡಿದು ಹೋಗಬೇಕಾದದ್ದು ಜ್ವರದ ಸಮಯದ ಎಲ್ಲ ಕಾಗದಗಳು. ಜ್ವರ ಶುರುವಾದ ದಿನಾಂಕ, ಮೈಮೇಲೆ ಗಂಧೆ ಎದ್ದಿತ್ತೇ, ಕೀಲು ಹಿಡಿದಿತ್ತೇ, ಪ್ಲೇಟ್ಲೆಟ್ ಎಷ್ಟಕ್ಕೆ ಇಳಿದಿತ್ತು, ಕಂಕುಳು, ತೊಡೆಸಂದು, ಸೊಂಟದ ಬಳಿ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಇತ್ತೇ ಎಂಬುದನ್ನು ನೆನಪಿಸಿಕೊಂಡು ಹೋಗುವುದು ಒಳ್ಳೆಯದು. ಕೊನೆಯದು ಸ್ಕ್ರಬ್ ಟೈಫಸ್‌ನ ಗುರುತು, ನೋವಿಲ್ಲದ್ದರಿಂದ ಎಷ್ಟೋ ಜನ ಗಮನಿಸಿರುವುದೇ ಇಲ್ಲ.

ಔಷಧ ಮನೆಗೆ ಬಂದ ಮೇಲೆ

ಸ್ಟೀರಾಯ್ಡ್ ಶುರುವಾದರೆ ಅದಕ್ಕೂ ಮೊದಲು ರಕ್ತದ ಸಕ್ಕರೆ, ಬಿಪಿ ಮತ್ತು ಕಣ್ಣಿನ ಒತ್ತಡ ನೋಡಿರಬೇಕು, ಕ್ಷಯದ ಪರೀಕ್ಷೆ ಆಗಿರಬೇಕು. 60 ಕಿಲೋ ತೂಕದವರಿಗೆ ದಿನಕ್ಕೆ 60 ಮಿಲಿಗ್ರಾಂ ಎಂದರೆ 20 ಮಿಲಿಗ್ರಾಂನ ಮೂರು ಮಾತ್ರೆ. ಬೆಳಗಿನ ತಿಂಡಿಯಾದ ಮೇಲೆ ಒಟ್ಟಿಗೆ ತೆಗೆದುಕೊಳ್ಳುವುದು ವಾಡಿಕೆ, ರಾತ್ರಿ ನುಂಗಿದರೆ ನಿದ್ದೆ ಕೆಡುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಮಧ್ಯಾಹ್ನ, ಸಂಜೆಯ ಸಕ್ಕರೆ ಹೆಚ್ಚು ಏರುತ್ತದೆ. ಬೆಳಗಿನ ಖಾಲಿಹೊಟ್ಟೆಯ ಪರೀಕ್ಷೆ ಮಾತ್ರ ನೋಡಿ ನಿಶ್ಚಿಂತೆಯಾಗಿದ್ದರೆ ಆ ಏರಿಕೆ ತಿಳಿಯುವುದಿಲ್ಲ. ಮೂರು ವಾರಕ್ಕಿಂತ ಹೆಚ್ಚು ತೆಗೆದುಕೊಂಡ ಮೇಲೆ ಥಟ್ಟನೆ ನಿಲ್ಲಿಸಿದರೆ ಸುಸ್ತು, ವಾಂತಿ, ಬಿಪಿ ಕುಸಿತ ಆಗಬಹುದು, ಏಕೆಂದರೆ ದೇಹ ತನ್ನ ಪಾಲಿನ ಸ್ಟೀರಾಯ್ಡ್ ತಯಾರಿಕೆಯನ್ನು ಅಷ್ಟರಲ್ಲಿ ನಿಲ್ಲಿಸಿರುತ್ತದೆ. ಕಣ್ಣು ತಿಳಿಯಾಯಿತೆಂದು ಮಾತ್ರೆ ಬಿಡುವವರು ಎಡವುವುದು ಇಲ್ಲೇ.

ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಒಂದು ಲೋಟ ತುಂಬಾ ನೀರಿನೊಂದಿಗೆ ನುಂಗಿ, ಅರ್ಧ ಗಂಟೆಯಾದರೂ ಮಲಗದೆ ಕೂತಿರಬೇಕು. ಗಂಟಲಿನ ಕೆಳಗೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣು ಮಾಡುತ್ತದೆ. ಹಾಲು, ಕಬ್ಬಿಣದ ಮಾತ್ರೆ, ಆ್ಯಸಿಡಿಟಿಯ ಟಾನಿಕ್ ಜೊತೆಗೆ ತೆಗೆದುಕೊಂಡರೆ ರಕ್ತಕ್ಕೆ ಸೇರುವ ಪ್ರಮಾಣ ತಗ್ಗುತ್ತದೆ. ಬಿಸಿಲಿಗೆ ಚರ್ಮ ಬೇಗ ಸುಡುವುದರಿಂದ ಹೊಲದ ಕೆಲಸದವರು ತೋಳು ಮುಚ್ಚಿಕೊಳ್ಳಬೇಕು. ಗರ್ಭಿಣಿಯರಿಗೆ ಸಾಮಾನ್ಯವಾಗಿ ಇದರ ಬದಲು ಅಜಿತ್ರೋಮೈಸಿನ್ ಆರಿಸುತ್ತಾರೆ.

ಮೊದಲ ವಾರ ಕಳೆದು ಕಣ್ಣು ಇನ್ನಷ್ಟು ಮಂಜಾದರೆ, ತೇಲುವ ಕಪ್ಪು ಚುಕ್ಕೆಗಳು ಹೆಚ್ಚಾದರೆ, ನೋವು ಕಾಣಿಸಿಕೊಂಡರೆ ಅಥವಾ ಮಚ್ಚೆ ಮೊದಲಿಲ್ಲದ ಜಾಗಕ್ಕೆ ಹಬ್ಬಿದ್ದರೆ ಸ್ಟೀರಾಯ್ಡ್ ಪ್ರಮಾಣ ಏರಿಸುವುದಕ್ಕೆ ಮೊದಲು ರೋಗನಿರ್ಣಯವನ್ನೇ ಮರುಪರಿಶೀಲಿಸಬೇಕು. ಮನೆಯಲ್ಲಿ ನೋಡಿಕೊಳ್ಳಲು ಉಪಕರಣ ಬೇಕಿಲ್ಲ. ದಿನಾ ಒಂದೇ ಬೆಳಕಿನಲ್ಲಿ ಒಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರಿನ ಅಂಕಿಗಳನ್ನು ಓದಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಓದಬೇಕು. ಗೆರೆಗಳು ಸೊಟ್ಟಗೆ ಕಂಡರೆ, ನಡುವೆ ಅಂಕಿ ಮಾಯವಾದರೆ ಬರೆದಿಟ್ಟುಕೊಳ್ಳಬೇಕು. ಎರಡೂ ಕಣ್ಣು ತೆರೆದು ನೋಡುವವರಿಗೆ ಒಂದರ ಕೊರತೆ ತಿಂಗಳಾದರೂ ತಿಳಿಯದೇ ಹೋಗಬಹುದು.

ಎಲ್ಲಿ ಸಿಕ್ಕಿಕೊಂಡಿದೆ

2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಸೊಳ್ಳೆ ಹುಟ್ಟುವ ನೀರು ನಿಲ್ಲಿಸಿಕೊಂಡವರಿಗೆ ದಂಡ ಹಾಕಲು ಅದರಿಂದ ದಾರಿಯಾಯಿತು. ಆದರೆ ಜ್ವರದ ಲೆಕ್ಕ ಜ್ವರ ಇಳಿಯುವಲ್ಲಿಗೆ ಮುಗಿದರೆ ಮೂರನೇ ವಾರದ ಕಣ್ಣು ಆ ಪುಸ್ತಕದಲ್ಲಿ ಎಲ್ಲೂ ಬರುವುದಿಲ್ಲ. ಜ್ವರ ನೋಡುವವರು ಒಬ್ಬರು, ಕಣ್ಣು ನೋಡುವವರು ಇನ್ನೊಬ್ಬರು, ಇಬ್ಬರ ಕಡತ ಬೇರೆಬೇರೆ.

ಇದರ ಪರಿಣಾಮ ಎರಡು ಕಡೆ ಕಾಣುತ್ತದೆ. ಕಣ್ಣಿನ ವೈದ್ಯರ ಕೈಗೆ ಜ್ವರದ ಮೊದಲ ವಾರದ ರಕ್ತದ ಮಾದರಿ ಸಿಗುವುದಿಲ್ಲ, ಹಾಗಾಗಿ ಕಾರಣ ಊಹೆಯಾಗಿಯೇ ಉಳಿಯುತ್ತದೆ, ಸ್ಟೀರಾಯ್ಡ್ ಜಗಳವೂ ಉಳಿಯುತ್ತದೆ. ಅತ್ತ ಓಸಿಟಿ ಯಂತ್ರವಾಗಲಿ ರೆಟಿನಾ ತಜ್ಞರಾಗಲಿ ಹತ್ತಿರ ಇಲ್ಲದ ತಾಲ್ಲೂಕಿನಲ್ಲಿ ರೋಗಿಗೆ ಮೊದಲು ಸಿಗುವುದು ಸ್ಟೀರಾಯ್ಡ್ ಹನಿ. ಅದು ಕಣ್ಣಿನ ಮುಂಭಾಗದ ಉರಿಯೂತಕ್ಕೆ ಸರಿಯಾದ ಔಷಧ, ರೆಟಿನಾದವರೆಗೆ ಅದರ ಪ್ರಭಾವ ಅಷ್ಟಾಗಿ ಮುಟ್ಟುವುದಿಲ್ಲ. ಹತ್ತು ದಿನ ಹನಿ ಹಾಕಿ ಕಾಯುವುದರಲ್ಲಿ, ಅಂಚಿನಲ್ಲಿ ನೆಕ್ರೋಸಿಸ್ ಇದ್ದವರ ಸಮಯ ಕೈಜಾರಿರುತ್ತದೆ.

ಜ್ವರದಿಂದ ಬಿಡುಗಡೆಯಾಗುವಾಗ ಕೊಡುವ ಚೀಟಿಯಲ್ಲಿ ಎರಡು ಸಾಲು ಸೇರಿಸುವುದಕ್ಕೆ ಯಂತ್ರವೂ ಬೇಡ, ಅನುದಾನವೂ ಬೇಡ: ಒಂದು ತಿಂಗಳವರೆಗೆ ಒಂದೊಂದೇ ಕಣ್ಣು ಮುಚ್ಚಿ ದೃಷ್ಟಿ ನೋಡಿಕೊಳ್ಳಿ, ಮಂಜಾದರೆ ಅಂಗಡಿಯ ಹನಿ ಹಾಕದೆ, ಪಾಪೆ ಹಿಗ್ಗಿಸಿ ರೆಟಿನಾ ನೋಡುವ ಕಡೆಗೆ ಈ ಚೀಟಿಯ ಸಮೇತ ಎರಡು ದಿನದೊಳಗೆ ಹೋಗಿ.